ಭವಿಷ್ಯ ನಿಜವಾಯಿತು, ಕಾರಣ ಬೇರೆಯಿತ್ತು: ಟ್ರಿನಿಡಾಡ್‌ನ ಗಪ್ಪಿ ಮೀನುಗಳ ಪ್ರಕರಣ ಅಧ್ಯಯನ

ವಿಕಾಸ ಕಣ್ಣೆದುರೇ ನಡೆಯುವುದನ್ನು ತೋರಿಸಿ ಎಂದರೆ ಜೀವವಿಜ್ಞಾನಿಗಳು ಮುಂದಿಡುವ ಉದಾಹರಣೆಗಳಲ್ಲಿ ಟ್ರಿನಿಡಾಡ್ ದ್ವೀಪದ ಗಪ್ಪಿ ಮೀನೂ ಒಂದು. ಪಠ್ಯಪುಸ್ತಕಗಳು ಅದನ್ನು ಹೇಳುವ ರೀತಿ ಚೊಕ್ಕವಾಗಿದೆ: ಹೀಗಾಗುತ್ತದೆ ಎಂದು ಸಿದ್ಧಾಂತ ಹೇಳಿತು, ಮೀನುಗಳನ್ನು ಒಂದು ಹೊಳೆಯಿಂದ ಇನ್ನೊಂದಕ್ಕೆ ಸಾಗಿಸಿ ಕಾದರು, ಹಾಗೆಯೇ ಆಯಿತು. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ನನಗೆ ಮುಖ್ಯವೆನಿಸುವ ಭಾಗ ಇದಾದ ಮೇಲಿನದು. ಹಾಗೆ ಆದದ್ದು ಏಕೆ ಎಂಬುದಕ್ಕೆ ತಾವು ಕೊಟ್ಟಿದ್ದ ಕಾರಣವನ್ನು ಅದೇ ಸಂಶೋಧಕರು ಹೊಳೆಗಿಳಿದು ಅಳೆದು ನೋಡಿದರು. ಅಳತೆಯ ಮುಂದೆ ಆ ಕಾರಣ ನಿಲ್ಲಲಿಲ್ಲ. ಸಿದ್ಧಾಂತವನ್ನೂ ಪುರಾವೆಯನ್ನೂ ಕೂಡಿಸುವ ಆ ಒಂದು ಕೊಂಡಿಯನ್ನು ಮತ್ತೆ ಕಟ್ಟಲು ಮುಂದೆ ಎರಡು ದಶಕಕ್ಕೂ ಹೆಚ್ಚು ಕಾಲ ಹಿಡಿಯಿತು.

ಜಲಪಾತದ ಮೇಲೆ, ಜಲಪಾತದ ಕೆಳಗೆ

ಟ್ರಿನಿಡಾಡ್‌ನ ಉತ್ತರ ಭಾಗದಲ್ಲಿ ಕಾಡು ತುಂಬಿದ ಬೆಟ್ಟಸಾಲೊಂದಿದೆ. ಅಲ್ಲಿ ಹುಟ್ಟುವ ಅರಿಪೊ, ಗ್ವಾನಾಪೊ, ಎಲ್ ಸೆಡ್ರೊ ಮುಂತಾದ ಹೊಳೆಗಳು ಚಿಕ್ಕ ದೊಡ್ಡ ಜಲಪಾತಗಳಾಗಿ ಇಳಿಯುತ್ತವೆ. ದೊಡ್ಡ ಮೀನುಗಳು ಈ ಜಲಪಾತಗಳನ್ನು ಹತ್ತಲಾರವು. ಗಪ್ಪಿ, ಎಂದರೆ ಪೊಯಿಸಿಲಿಯಾ ರೆಟಿಕ್ಯುಲೇಟಾ, ಹಲವು ಹೊಳೆಗಳಲ್ಲಿ ಜಲಪಾತದ ಮೇಲೂ ಇದೆ, ಕೆಳಗೂ ಇದೆ. ಕೆಳಗಿನ ಪಾತ್ರದಲ್ಲಿ ಅದರ ಜೊತೆ ಬದುಕುವುದು ಕ್ರೆನಿಸಿಕ್ಲಾ ಎಂಬ ಉದ್ದ ಮೈಯ ಬೇಟೆಗಾರ ಮೀನು ಮತ್ತು ಅದರಂಥ ಇತರ ಶತ್ರುಗಳು. ಮೇಲಿನ ಪಾತ್ರದಲ್ಲಿ ಸಾಮಾನ್ಯವಾಗಿ ಇರುವುದು ರಿವ್ಯುಲಸ್ ಎಂಬ ಚಿಕ್ಕ ಮೀನು ಮಾತ್ರ. ರಿವ್ಯುಲಸ್ ಬಾಯಿಗೆ ಹಿಡಿಸುವುದು ಹೆಚ್ಚಾಗಿ ಎಳೆಯ, ಸಣ್ಣ ಗಪ್ಪಿಗಳೇ.

ಈ ಏರ್ಪಾಡು ಒಂದು ಹೊಳೆಯಲ್ಲಿ ಮಾತ್ರ ಇದ್ದಿದ್ದರೆ ಅದನ್ನು ಕಾಕತಾಳೀಯ ಎನ್ನಬಹುದಿತ್ತು. ಹೊಳೆಯಿಂದ ಹೊಳೆಗೆ ಅದೇ ವಿನ್ಯಾಸ ಮರುಕಳಿಸುತ್ತದೆ. ಪ್ರಯೋಗಾಲಯದಲ್ಲಿ ಹಣ ಸುರಿದರೂ ಕಟ್ಟಲಾಗದ ಪ್ರಯೋಗವೊಂದನ್ನು ನಿಸರ್ಗವೇ ಹಲವು ಬಾರಿ ಕಟ್ಟಿಟ್ಟಂತಿದೆ. ಇಪ್ಪತ್ತನೇ ಶತಮಾನದ ನಡುವಿನಲ್ಲಿ ಕ್ಯಾರಿಲ್ ಹ್ಯಾಸ್ಕಿನ್ಸ್ ಇಲ್ಲಿ ಗಪ್ಪಿಗಳನ್ನು ಗಮನಿಸತೊಡಗಿದರು. 1970ರ ದಶಕದಲ್ಲಿ ಜಾನ್ ಎಂಡ್ಲರ್ ಗಂಡು ಗಪ್ಪಿಗಳ ಮೈಮೇಲಿನ ಬಣ್ಣದ ಚುಕ್ಕೆಗಳನ್ನು ಹಿಡಿದು ಹೊರಟರು. ಶತ್ರು ಹೆಚ್ಚಿರುವ ಕಡೆ ಗಂಡು ಮಂಕು, ಶತ್ರು ಕಡಿಮೆ ಇರುವ ಕಡೆ ಥಳಥಳ. ಹೆಣ್ಣಿಗೆ ಬಣ್ಣ ಇಷ್ಟ, ಬೇಟೆಗಾರನ ಕಣ್ಣಿಗೂ ಅದೇ ಬಣ್ಣ ಬೀಳುತ್ತದೆ; ಈ ಎರಡರ ಜಗ್ಗಾಟದಲ್ಲಿ ಗಂಡಿನ ಮೈಬಣ್ಣ ತೀರ್ಮಾನವಾಗುತ್ತದೆ. ಎಂಡ್ಲರ್ 1980ರಲ್ಲಿ ಪ್ರಕಟಿಸಿದ ಈ ಕೆಲಸ ಪ್ರಸಿದ್ಧವೇ. ಆದರೆ ನಾವಿಲ್ಲಿ ನೋಡಬೇಕಾದದ್ದು ಬಣ್ಣಕ್ಕಿಂತ ಕಡಿಮೆ ಕಣ್ಸೆಳೆಯುವ ಇನ್ನೊಂದು ಸಂಗತಿ.

ಯಾವಾಗ ಮರಿ ಹಾಕಬೇಕು?

ಒಂದು ಜೀವಿ ಯಾವ ವಯಸ್ಸಿಗೆ ಸಂತಾನ ಶುರುಮಾಡಬೇಕು? ಒಮ್ಮೆಗೆ ಹಲವು ಸಣ್ಣ ಮರಿಗಳೋ, ಕೆಲವೇ ದೊಡ್ಡ ಮರಿಗಳೋ? ತಿಂದದ್ದರಲ್ಲಿ ಎಷ್ಟು ಪಾಲು ಸ್ವಂತ ಬೆಳವಣಿಗೆಗೆ, ಎಷ್ಟು ಮರಿಗಳಿಗೆ? ಇವೆಲ್ಲ ಸೇರಿ ಆ ಜೀವಿಯ ಜೀವನಕ್ರಮ ಎನಿಸಿಕೊಳ್ಳುತ್ತವೆ. ಇವಕ್ಕೆ ಗಣಿತದ ಚೌಕಟ್ಟು ಹಾಕಿದ ಮೊದಲಿಗರಲ್ಲಿ ಮಾಧವ ಗಾಡ್ಗೀಳ್ ಮತ್ತು ವಿಲಿಯಂ ಬೊಸರ್ಟ್ ಇದ್ದಾರೆ. ಅವರ ಪ್ರಬಂಧ ಬಂದದ್ದು 1970ರಲ್ಲಿ. ಪಶ್ಚಿಮ ಘಟ್ಟಗಳ ವರದಿಯ ಮೂಲಕವೇ ಗಾಡ್ಗೀಳರನ್ನು ಬಲ್ಲ ಓದುಗರಿಗೆ ಇದು ಹೊಸ ವಿಷಯ ಇರಬಹುದು. ಅದೇ ದಶಕದ ಕೊನೆಯ ಹೊತ್ತಿಗೆ ಬ್ರಯಾನ್ ಚಾರ್ಲ್ಸ್‌ವರ್ತ್ ಮುಂತಾದವರು ಈ ಚೌಕಟ್ಟನ್ನು ಇನ್ನಷ್ಟು ಬಿಗಿಗೊಳಿಸಿದರು.

ಸಿದ್ಧಾಂತದ ಮಾತು ಸುಲಭವಾಗಿ ಹೀಗಿದೆ. ಬಲಿತ ಮೀನುಗಳಿಗೆ ಸಾವಿನ ಭಯ ಹೆಚ್ಚಿದ್ದರೆ ಕಾಯುವುದರಲ್ಲಿ ಲಾಭವಿಲ್ಲ. ಬೇಗ ಬಲಿತು, ಚಿಕ್ಕ ಗಾತ್ರದಲ್ಲೇ, ಸಿಕ್ಕ ಶಕ್ತಿಯನ್ನೆಲ್ಲ ಸಂತಾನಕ್ಕೆ ಹಾಕುವ ತಳಿಗಳು ಗೆಲ್ಲುತ್ತವೆ. ಸಾವು ಮರಿಗಳ ಮೇಲೆ ಹೆಚ್ಚಾಗಿ ಎರಗಿದರೆ ಲೆಕ್ಕ ತಿರುಗುತ್ತದೆ. ಆಗ ತಡವಾಗಿ ಬಲಿಯುವುದು, ಕಡಿಮೆ ಆದರೆ ದೊಡ್ಡ ಮರಿಗಳನ್ನು ಹಾಕಿ ಅವು ಅಪಾಯದ ಗಾತ್ರವನ್ನು ಬೇಗ ದಾಟುವಂತೆ ಮಾಡುವುದು ಲಾಭದಾಯಕ.

1978ರಲ್ಲಿ ಟ್ರಿನಿಡಾಡ್‌ನಲ್ಲಿ ಕೆಲಸ ಶುರುಮಾಡಿದ ಡೇವಿಡ್ ರೆಜ್ನಿಕ್‌ಗೆ ಗಪ್ಪಿಯ ಹೊಳೆಗಳು ಈ ಸಿದ್ಧಾಂತಕ್ಕೆ ಹೇಳಿ ಮಾಡಿಸಿದಂತೆ ಕಂಡದ್ದು ಸಹಜ. ಕ್ರೆನಿಸಿಕ್ಲಾ ದೊಡ್ಡ ಗಪ್ಪಿಗಳನ್ನು ಹಿಡಿಯುತ್ತದೆ, ರಿವ್ಯುಲಸ್ ಸಣ್ಣವನ್ನು ಹಿಡಿಯುತ್ತದೆ ಎಂಬುದು ಆಗಿನ ತಿಳಿವಳಿಕೆ. ಹಾಗಿದ್ದರೆ ಕೆಳಗಿನ ಗಪ್ಪಿಗಳು ಬೇಗ ಬಲಿಯಬೇಕು, ಮೇಲಿನವು ತಡವಾಗಿ. ರೆಜ್ನಿಕ್ ಮತ್ತು ಎಂಡ್ಲರ್ 1982ರಲ್ಲಿ ಪ್ರಕಟಿಸಿದ ಹೋಲಿಕೆ ಅದನ್ನೇ ತೋರಿಸಿತು. ಕೆಳಗಿನ ಹೊಳೆಯ ಗಪ್ಪಿಗಳು ಬೇಗ, ಚಿಕ್ಕ ಗಾತ್ರದಲ್ಲಿ ಬಲಿಯುತ್ತವೆ. ಒಂದು ಸೂಲಿಗೆ ಹೆಚ್ಚು ಮರಿ, ಮರಿಗಳ ಗಾತ್ರ ಸಣ್ಣದು. ಮೇಲಿನವು ಇದಕ್ಕೆ ತದ್ವಿರುದ್ಧ.

ಹೊಳೆಯಿಂದ ಹಿಡಿದ ಮೀನುಗಳನ್ನೇ ಹೋಲಿಸಿದರೆ ಒಂದು ಆಕ್ಷೇಪ ಉಳಿಯುತ್ತದೆ: ಈ ವ್ಯತ್ಯಾಸ ಆಹಾರದಿಂದಲೋ ನೀರಿನಿಂದಲೋ ಬಂದದ್ದಿರಬಹುದಲ್ಲ? ಅದಕ್ಕೆ ಎರಡೂ ಕಡೆಯ ಮೀನುಗಳನ್ನು ಪ್ರಯೋಗಾಲಯದಲ್ಲಿ ಒಂದೇ ರೀತಿಯ ತೊಟ್ಟಿಗಳಲ್ಲಿ, ಅಳೆದು ಕೊಟ್ಟ ಆಹಾರದಲ್ಲಿ ಸಾಕಿ, ಅಲ್ಲಿ ಹುಟ್ಟಿದ ಎರಡನೇ ಪೀಳಿಗೆಯನ್ನು ಅಳೆಯುತ್ತಾರೆ. ಮೊದಲ ಪೀಳಿಗೆ ಸಾಲದು, ಏಕೆಂದರೆ ಹೊಳೆಯಲ್ಲಿ ತಾಯಿ ತಿಂದುಂಡ ಸ್ಥಿತಿಯ ಪ್ರಭಾವ ಮರಿಯ ಮೇಲೂ ಇರುತ್ತದೆ. ಎರಡನೇ ಪೀಳಿಗೆಯಲ್ಲೂ ವ್ಯತ್ಯಾಸ ಉಳಿದರೆ ಅದು ವಂಶವಾಹಿಯದು ಎನ್ನಲು ಗಟ್ಟಿ ಆಧಾರ ಸಿಗುತ್ತದೆ. ಗಪ್ಪಿಗಳಲ್ಲಿ ಅದು ಉಳಿಯಿತು.

ಸಾಗಿಸಿ, ಕಾದು, ಅಳೆದದ್ದು

ಇಷ್ಟಾದರೂ ಇದು ಹೋಲಿಕೆ ಮಾತ್ರ. ಮೇಲಿನ ಹೊಳೆಗೂ ಕೆಳಗಿನ ಹೊಳೆಗೂ ಶತ್ರುವೊಂದೇ ವ್ಯತ್ಯಾಸವಲ್ಲ. ನೀರಿನ ಅಗಲ, ಬಿಸಿಲು, ಆಹಾರ ಎಲ್ಲವೂ ಬೇರೆ. ಹಾಗಾಗಿ ಪ್ರಯೋಗ ಬೇಕಾಯಿತು. 1976ರಲ್ಲಿ ಎಂಡ್ಲರ್ ಅರಿಪೊ ಹೊಳೆಯಲ್ಲಿ ಕ್ರೆನಿಸಿಕ್ಲಾ ಇರುವ ಕಡೆಯಿಂದ ಸುಮಾರು 200 ಗಪ್ಪಿಗಳನ್ನು ಹಿಡಿದು, ಜಲಪಾತದ ಮೇಲೆ ರಿವ್ಯುಲಸ್ ಮಾತ್ರ ಇದ್ದ, ಗಪ್ಪಿಯೇ ಇಲ್ಲದ ಉಪಹೊಳೆಯೊಂದಕ್ಕೆ ಬಿಟ್ಟಿದ್ದರು. 1981ರಲ್ಲಿ ಎಲ್ ಸೆಡ್ರೊ ಹೊಳೆಯಲ್ಲೂ ಇಂಥದೇ ಪ್ರಯೋಗ ನಡೆಯಿತು.

ಅರಿಪೊ ಪ್ರಯೋಗದ 11 ವರ್ಷಗಳ ಫಲವನ್ನು ರೆಜ್ನಿಕ್, ಹೆದರ್ ಬ್ರೈಗಾ ಮತ್ತು ಎಂಡ್ಲರ್ 1990ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಗಪ್ಪಿಯ ಲೆಕ್ಕದಲ್ಲಿ ಅದು 30ರಿಂದ 60 ಪೀಳಿಗೆ. ಪ್ರಯೋಗಾಲಯದಲ್ಲಿ ಬೆಳೆಸಿದ ಎರಡನೇ ಪೀಳಿಗೆಯಲ್ಲಿ, ಕೆಳಗೆ ಕ್ರೆನಿಸಿಕ್ಲಾ ಜೊತೆಗೇ ಉಳಿದಿದ್ದ ಮೂಲ ಹೊಳೆಯ ಗಂಡುಗಳು ಸರಾಸರಿ 48.5 ದಿನಕ್ಕೆ ಬಲಿತರೆ, ಸಾಗಿಸಿದ ಮೀನುಗಳ ವಂಶದ ಗಂಡುಗಳು 58.2 ದಿನಕ್ಕೆ ಬಲಿತವು. ಬಲಿತಾಗಿನ ತೂಕ 67.5 ಮಿಲಿಗ್ರಾಂನಿಂದ 76.1 ಮಿಲಿಗ್ರಾಂಗೆ ಏರಿತ್ತು. ಹೆಣ್ಣುಗಳೂ ಮೊದಲ ಸೂಲನ್ನು ಸುಮಾರು ಒಂದು ವಾರ ಮುಂದಕ್ಕೆ ಹಾಕಿದ್ದವು. ಮರಿಗಳ ಸಂಖ್ಯೆ ಇಳಿದು ಗಾತ್ರ ಹೆಚ್ಚಿತ್ತು. ಸಿದ್ಧಾಂತ ತೋರಿಸಿದ ದಿಕ್ಕಿಗೆ ಎಲ್ಲವೂ ಹೊರಳಿದ್ದವು.

ಹತ್ತು ದಿನದ ವ್ಯತ್ಯಾಸ ಏನು ಮಹಾ ಎಂದು ಯಾರಿಗಾದರೂ ಅನಿಸಬಹುದು. ಒಂದೂವರೆ ತಿಂಗಳಲ್ಲಿ ಬಲಿಯುವ ಪ್ರಾಣಿಗೆ ಅದು ಐದರಲ್ಲಿ ಒಂದು ಪಾಲು. 1997ರಲ್ಲಿ ರೆಜ್ನಿಕ್ ಮತ್ತು ಸಂಗಡಿಗರು ಸೈನ್ಸ್ ಪತ್ರಿಕೆಯಲ್ಲಿ ಈ ವೇಗವನ್ನು ಲೆಕ್ಕಹಾಕಿ ತೋರಿಸಿದರು. ವಿಕಾಸದ ವೇಗಕ್ಕೆ ಡಾರ್ವಿನ್ ಎಂಬ ಮಾನವಿದೆ. ಪಳೆಯುಳಿಕೆಗಳಿಂದ ತಿಳಿಯುವ ವೇಗ ಸಾಮಾನ್ಯವಾಗಿ 0.1ರಿಂದ 1 ಡಾರ್ವಿನ್. ಗಪ್ಪಿಗಳಲ್ಲಿ ಸಿಕ್ಕ ವೇಗ 3,700ರಿಂದ 45,000 ಡಾರ್ವಿನ್. ಪಳೆಯುಳಿಕೆಯ ಲೆಕ್ಕ ಲಕ್ಷಾಂತರ ವರ್ಷಗಳ ಸರಾಸರಿ. ಅದರೊಳಗಿನ ಏರಿಳಿತಗಳೆಲ್ಲ ಅಳಿಸಿಹೋಗಿರುತ್ತವೆ. ಆದ್ದರಿಂದ ಎರಡನ್ನೂ ಪಕ್ಕಪಕ್ಕ ಇಡುವಾಗ ಎಚ್ಚರ ಬೇಕು. ಅಷ್ಟಾದರೂ ಹತ್ತಾರು ವರ್ಷಗಳಲ್ಲಿ ಅಳೆಯಬಲ್ಲ ವಿಕಾಸ ನಡೆಯುತ್ತದೆ ಎಂಬ ಮಾತು ಇಲ್ಲಿಂದ ಗಟ್ಟಿಯಾಯಿತು.

ಹೆಚ್ಚಿನ ಕಡೆ ಕತೆ ಇಲ್ಲಿಗೆ ನಿಲ್ಲುತ್ತದೆ.

ಅಳೆಯದೆ ಬಿಟ್ಟಿದ್ದ ಕೊಂಡಿ

ವಾದದ ಸರಪಳಿಯನ್ನು ಬಿಡಿಸಿ ನೋಡೋಣ. ಒಂದು ತುದಿಯಲ್ಲಿ ಶತ್ರು ಮೀನು, ಇನ್ನೊಂದು ತುದಿಯಲ್ಲಿ ಬಲಿಯುವ ವಯಸ್ಸು. ಎರಡನ್ನೂ ಅಳೆದಾಗಿತ್ತು. ಅವುಗಳ ನಡುವೆ ಇರುವುದು ಸಾವು: ಕೆಳಗೆ ದೊಡ್ಡ ಗಪ್ಪಿಗಳು ಹೆಚ್ಚು ಸಾಯುತ್ತವೆ, ಮೇಲೆ ಸಣ್ಣವು ಹೆಚ್ಚು ಸಾಯುತ್ತವೆ ಎಂಬ ನಂಬಿಕೆ. ಇದಕ್ಕೆ ಆಧಾರವಾಗಿದ್ದದ್ದು ಯಾವ ಬೇಟೆಗಾರ ಯಾವ ಗಾತ್ರದ ಮೀನನ್ನು ತಿನ್ನುತ್ತದೆ ಎಂಬ ಅವಲೋಕನ. ಒಂದು ಬೇಟೆಗಾರ ಏನು ತಿನ್ನುತ್ತದೆ ಎಂಬುದೂ, ಹೊಳೆಯಲ್ಲಿ ಯಾವ ಗಾತ್ರದ ಮೀನು ಎಷ್ಟು ಸಾಯುತ್ತದೆ ಎಂಬುದೂ ಒಂದೇ ಅಲ್ಲ. ಸಿದ್ಧಾಂತಕ್ಕೆ ಬೇಕಾದದ್ದು ಎರಡನೆಯದು.

ಅದನ್ನು ತಿಳಿಯಲು ರೆಜ್ನಿಕ್ ತಂಡ ಹೊಳೆಯ ಗುಂಡಿಗಳಿಂದ ಗಪ್ಪಿಗಳನ್ನು ಹಿಡಿದು, ಅಳೆದು, ಚರ್ಮದಡಿ ಬಣ್ಣದ ಗುರುತು ಹಾಕಿ, ಹಿಡಿದ ಜಾಗಕ್ಕೇ ಬಿಟ್ಟಿತು. ಕೆಲವು ದಿನ ಬಿಟ್ಟು ಅದೇ ಗುಂಡಿಗಳಲ್ಲಿ ಮತ್ತೆ ಬಲೆ ಹಾಕಿ, ಗುರುತಿದ್ದ ಮೀನುಗಳಲ್ಲಿ ಎಷ್ಟು ಉಳಿದಿವೆ ಎಂದು ಎಣಿಸಿತು. ವಲಸೆ ಹೋದ ಮೀನನ್ನು ಸತ್ತದ್ದೆಂದು ಎಣಿಸದಿರಲು ಅಕ್ಕಪಕ್ಕದ ಗುಂಡಿಗಳನ್ನೂ ನೋಡಬೇಕು. ಇದು ಬೇಸರ ತರುವಷ್ಟು ತಾಳ್ಮೆಯ ಕೆಲಸ. ಈಗಾಗಲೇ ಗೆದ್ದಿದ್ದ ಸಿದ್ಧಾಂತವೊಂದಕ್ಕಾಗಿ ಅದನ್ನು ಹಲವು ಹೊಳೆಗಳಲ್ಲಿ ಮಾಡಿದರು ಎಂಬುದೇ ನನಗೆ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಹೆಚ್ಚು ಗೌರವ ಹುಟ್ಟಿಸುವ ಸಂಗತಿ.

1996ರಲ್ಲಿ ಪ್ರಕಟವಾದ ಫಲಿತಾಂಶ ನಿರೀಕ್ಷೆಗೆ ಹೊಂದಲಿಲ್ಲ. ಶತ್ರು ಹೆಚ್ಚಿರುವ ಹೊಳೆಗಳಲ್ಲಿ ಸಾವು ಹೆಚ್ಚೇನೋ ಹೌದು, ಆದರೆ ಎಲ್ಲ ಗಾತ್ರದ ಮೀನುಗಳಿಗೂ ಹೆಚ್ಚು. ಸಣ್ಣವು, ನಡುವಿನವು, ದೊಡ್ಡವು ಎಲ್ಲವೂ ಅಲ್ಲಿ ಹೆಚ್ಚು ಸಾಯುತ್ತಿದ್ದವು. ಮೇಲಿನ ಹೊಳೆಯಲ್ಲಿ ಮರಿಗಳಿಗೇ ವಿಶೇಷ ಅಪಾಯ, ಕೆಳಗೆ ಬಲಿತವಕ್ಕೇ ವಿಶೇಷ ಅಪಾಯ ಎಂಬ ಚಿತ್ರ ಅಂಕಿಗಳಲ್ಲಿ ಕಾಣಲಿಲ್ಲ.

ಎಲ್ಲರಿಗೂ ಸಮನಾದ ಸಾವು ಏನು ಮಾಡುತ್ತದೆ

ಇಲ್ಲಿ ಸ್ವಲ್ಪ ನಿಂತು ಲೆಕ್ಕ ನೋಡಬೇಕು, ಏಕೆಂದರೆ ಇದು ನಮ್ಮ ಸಹಜ ಬುದ್ಧಿಗೆ ಎದುರಾಗಿ ನಿಲ್ಲುತ್ತದೆ. ಸಾವು ಹೆಚ್ಚಿದರೆ ಬೇಗ ಮರಿ ಹಾಕುವುದೇ ಸರಿ, ಅದಕ್ಕೆ ವಯಸ್ಸಿನ ಭೇದವೇಕೆ ಎಂದು ಯಾರಾದರೂ ಕೇಳುತ್ತಾರೆ. ಸಿದ್ಧಾಂತ ಹಾಗೆ ಹೇಳುವುದಿಲ್ಲ.

ಬೆಳೆಯುತ್ತಿರುವ ಒಂದು ಗುಂಪಿನಲ್ಲಿ ಈಗ ಹುಟ್ಟಿದ ಮರಿಗೆ ಮೂರು ತಿಂಗಳು ತಡವಾಗಿ ಹುಟ್ಟುವ ಮರಿಗಿಂತ ಬೆಲೆ ಹೆಚ್ಚು, ಏಕೆಂದರೆ ಅದು ಮೊದಲೇ ತನ್ನ ಸಂತಾನ ಶುರುಮಾಡುತ್ತದೆ. ಗುಂಪು ಎಷ್ಟು ಜೋರಾಗಿ ಬೆಳೆಯುತ್ತಿದೆಯೋ ತಡವಾದ ಮರಿಯ ಬೆಲೆ ಅಷ್ಟು ಇಳಿಯುತ್ತದೆ. ಈಗ ಎಲ್ಲ ವಯಸ್ಸಿನ ಮೀನುಗಳಲ್ಲೂ ತಿಂಗಳಿಗೆ ಶೇಕಡಾ 20 ಹೆಚ್ಚುವರಿ ಸಾವು ಬಂದಿತೆನ್ನಿ. ಮೂರು ತಿಂಗಳು ಬದುಕುಳಿಯುವ ಸಂಭವ 0.8ರ ಘನಕ್ಕೆ, ಎಂದರೆ ಮೊದಲಿದ್ದದ್ದರ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಇಷ್ಟನ್ನೇ ನೋಡಿದರೆ ಕಾಯುವುದು ನಷ್ಟ. ಆದರೆ ಅದೇ ಸಾವಿನಿಂದ ಗುಂಪಿನ ಬೆಳವಣಿಗೆಯೂ ತಿಂಗಳಿಗೆ 0.8 ಪಟ್ಟಿಗೆ ಕುಗ್ಗುತ್ತದೆ. ಹಾಗಾಗಿ ಮೂರು ತಿಂಗಳ ನಂತರ ಹುಟ್ಟುವ ಮರಿಯ ತುಲನಾತ್ಮಕ ಬೆಲೆ ಸುಮಾರು ಎರಡರಷ್ಟಾಗುತ್ತದೆ. ಅರ್ಧ ಸಂಭವ, ಎರಡರಷ್ಟು ಬೆಲೆ. ಎರಡೂ ಒಂದನ್ನೊಂದು ಪೂರ್ತಿಯಾಗಿ ಹೊಡೆದುಹಾಕುತ್ತವೆ. ಬಲಿಯಲು ತಕ್ಕ ವಯಸ್ಸು ಎಲ್ಲಿತ್ತೋ ಅಲ್ಲೇ ಉಳಿಯುತ್ತದೆ.

ಹೀಗೆ 1996ರ ಅಳತೆಯನ್ನು 1970ರ ದಶಕದ ಸಿದ್ಧಾಂತಕ್ಕೆ ನೇರವಾಗಿ ಹಾಕಿದರೆ ಬರುವ ಉತ್ತರ: ಗಪ್ಪಿಗಳು ಬದಲಾಗಬಾರದಿತ್ತು. ಅವು ಬದಲಾಗಿದ್ದವು, ಅದೂ ಹೊಳೆಯಿಂದ ಹೊಳೆಗೆ ಒಂದೇ ದಿಕ್ಕಿನಲ್ಲಿ. ಹಾಗಾದರೆ ಸಿದ್ಧಾಂತ ತಪ್ಪೇ? ಮೇಲಿನ ಲೆಕ್ಕದೊಳಗೆ ಒಂದು ಊಹೆ ಅಡಗಿದೆ. ಗುಂಪು ಎಷ್ಟು ದೊಡ್ಡದಾದರೂ ಆಹಾರ ಕಡಿಮೆಯಾಗುವುದಿಲ್ಲ, ಇಕ್ಕಟ್ಟು ಯಾರನ್ನೂ ಕಾಡುವುದಿಲ್ಲ ಎಂಬ ಊಹೆ ಅದು. ಇಷ್ಟು ಚಿಕ್ಕ ಹೊಳೆಯಲ್ಲಿ ಈ ಊಹೆ ನಿಜವಾಗುವುದು ಕಷ್ಟ. ಸಿದ್ಧಾಂತದ ಇತರ ರೂಪಗಳು ಇಕ್ಕಟ್ಟನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಚಾರ್ಲ್ಸ್‌ವರ್ತ್ ಅದನ್ನು ಮೊದಲೇ ಕೈಗೆತ್ತಿಕೊಂಡಿದ್ದರು. ಪೀಟರ್ ಏಬ್ರಮ್ಸ್ 1993ರಲ್ಲಿ ಮುಪ್ಪಿನ ವಿಚಾರವಾಗಿ ಅದೇ ಮಾತನ್ನು ಎತ್ತಿದರು. ಇಕ್ಕಟ್ಟು ಯಾವ ವಯಸ್ಸಿನವರನ್ನು ಹೆಚ್ಚು ಹಿಂಡುತ್ತದೆ ಎಂಬುದರ ಮೇಲೆ ಉತ್ತರವೇ ಬದಲಾಗುತ್ತದೆ ಎಂಬುದು ಆ ಕೆಲಸಗಳ ಸಾರ.

ಶತ್ರು ಮಾಡುವ ಇನ್ನೊಂದು ಕೆಲಸ

ಬೇಟೆಗಾರ ಗಪ್ಪಿಯನ್ನು ಕೊಲ್ಲುತ್ತದೆ, ಸರಿ. ಕೊಲ್ಲುವುದರಿಂದಲೇ ಉಳಿದ ಗಪ್ಪಿಗಳಿಗೆ ಜಾಗ ಬಿಡಿಸಿ, ಊಟ ಉಳಿಸುತ್ತದೆ. 2001ರಲ್ಲಿ ರೆಜ್ನಿಕ್, ಮಾರ್ಕ್ ಬಟ್ಲರ್ ಮತ್ತು ಹೆಲೆನ್ ರಾಡ್ ಎರಡು ಬಗೆಯ ಹೊಳೆಗಳನ್ನು ಪರಿಸರದ ದೃಷ್ಟಿಯಿಂದ ಹೋಲಿಸಿದಾಗ ಈ ಚಿತ್ರ ತೆರೆದುಕೊಂಡಿತು. ಶತ್ರು ಹೆಚ್ಚಿರುವ ಕಡೆ ಗಪ್ಪಿಗಳ ದಟ್ಟಣೆ ಕಡಿಮೆ, ಎಳೆಯವು ಹೆಚ್ಚು, ಬೆಳವಣಿಗೆ ಚುರುಕು. ಮೇಲಿನ ಹೊಳೆಗಳಲ್ಲಿ ದಟ್ಟಣೆ ಹೆಚ್ಚು, ದೊಡ್ಡ ಮೀನುಗಳು ಹೆಚ್ಚು, ಬೆಳವಣಿಗೆ ನಿಧಾನ.

ಇದರಲ್ಲೊಂದು ತೊಡಕು ಉಂಟು. ಮೇಲಿನ ಹೊಳೆಗಳು ಕಿರಿದು, ಮರಗಳ ಕೊಂಬೆ ಮೇಲಿಂದ ಕೂಡಿಕೊಂಡು ಬಿಸಿಲು ಬೀಳುವುದೇ ಕಡಿಮೆ. ಬಿಸಿಲಿಲ್ಲದಿದ್ದರೆ ಪಾಚಿ ಬೆಳೆಯುವುದಿಲ್ಲ, ಪಾಚಿ ಇಲ್ಲದಿದ್ದರೆ ಮೀನಿಗೆ ಊಟ ಕಡಿಮೆ. ಹಾಗಾದರೆ ಮೇಲಿನ ಗಪ್ಪಿಗಳು ನಿಧಾನವಾಗಿ ಬೆಳೆಯುವುದು ಇಕ್ಕಟ್ಟಿನಿಂದಲೋ ನೆರಳಿನಿಂದಲೋ? ಶತ್ರುವಿನ ಪ್ರಭಾವಕ್ಕೂ ನೆರಳಿನ ಪ್ರಭಾವಕ್ಕೂ ಹೋಲಿಕೆಯಿಂದ ಗೆರೆ ಎಳೆಯಲು ಆಗುವುದಿಲ್ಲ. ಪರಿಸರ ವಿಜ್ಞಾನದಲ್ಲಿ ಪದೇಪದೇ ಎದುರಾಗುವ ಗಂಟು ಇದು, ಬಿಡಿಸಲು ಕೈಯಿಂದ ಏನಾದರೂ ಬದಲಿಸಲೇಬೇಕು.

ಮೊದಲು ಬದಲಿಸಿದ್ದು ದಟ್ಟಣೆಯನ್ನು. ಶತ್ರು ಕಡಿಮೆ ಇರುವ ಹೊಳೆಗಳ ಗುಂಡಿಗಳಲ್ಲಿ ಕೆಲವು ಕಡೆ ಗಪ್ಪಿಗಳನ್ನು ಹೆಚ್ಚಿಸಿ, ಕೆಲವು ಕಡೆ ಕಡಿಮೆ ಮಾಡಿ, ಕೆಲವನ್ನು ಇದ್ದಂತೆಯೇ ಬಿಟ್ಟು ನೋಡಿದರು; ಇದರ ವರದಿ 2012ರಲ್ಲಿ ಬಂತು. ಹೆಚ್ಚಿಸಿದ ಕಡೆ ಬೆಳವಣಿಗೆ ಕುಂದಿತು, ಸಂತಾನ ಇಳಿಯಿತು, ಎಳೆಯವುಗಳ ಬದುಕು ಕಷ್ಟವಾಯಿತು. ಕಡಿಮೆ ಮಾಡಿದ ಕಡೆ ಸ್ಥಿತಿ ಸುಧಾರಿಸಿತು. ನೆರಳು ಅಷ್ಟೇ ಇದ್ದರೂ ಇಕ್ಕಟ್ಟು ತನ್ನಷ್ಟಕ್ಕೇ ಗಪ್ಪಿಗಳನ್ನು ಹಿಂಡುತ್ತದೆ ಎಂಬುದು ಹೀಗೆ ಸಿಕ್ಕಿತು.

ಇದೇ ಹೊತ್ತಿಗೆ ರೊನಾಲ್ಡ್ ಬಸ್ಸಾರ್ ಮತ್ತು ಸಂಗಡಿಗರು ಹೊಳೆಯ ಪಕ್ಕದಲ್ಲಿ ಕಟ್ಟಿದ ಕೃತಕ ಕಾಲುವೆಗಳಲ್ಲಿ ಎರಡೂ ಬಗೆಯ ಗಪ್ಪಿಗಳನ್ನು ಬಿಟ್ಟು, 2010ರಲ್ಲಿ ಇನ್ನೊಂದು ಮುಖವನ್ನು ತೋರಿಸಿದರು. ಕೆಳಗಿನ ಹೊಳೆಯ ಗಪ್ಪಿ ಹುಳಹುಪ್ಪಟೆಗಳನ್ನು ಆರಿಸಿ ತಿನ್ನುತ್ತದೆ. ಮೇಲಿನದು ಪಾಚಿಯನ್ನೂ ಚೆನ್ನಾಗಿ ತಿನ್ನುತ್ತದೆ. ಯಾವ ಗಪ್ಪಿ ಇದೆ ಎಂಬುದರ ಮೇಲೆ ಕಾಲುವೆಯ ಪಾಚಿಯೂ ಹುಳಗಳೂ ಬೇರೆಬೇರೆಯಾದವು. ಪರಿಸರ ಮೀನನ್ನು ರೂಪಿಸುವಂತೆ ಮೀನೂ ತನ್ನ ಪರಿಸರವನ್ನು ರೂಪಿಸುತ್ತದೆ. ರಿವ್ಯುಲಸ್ ಕೂಡ ಇದಕ್ಕೆ ಹೊರತಲ್ಲ. ಹಳೆಯ ವಿವರಣೆಯಲ್ಲಿ ಅದು ಗಪ್ಪಿ ಮರಿಗಳ ಶತ್ರು. ಆದರೆ ಗಪ್ಪಿಯೂ ರಿವ್ಯುಲಸ್‌ನ ಎಳೆಯ ಮರಿಗಳನ್ನು ತಿನ್ನುತ್ತದೆ, ಆಹಾರಕ್ಕೆ ಪೈಪೋಟಿ ಕೊಡುತ್ತದೆ. ಗಪ್ಪಿಗಳನ್ನು ಬಿಟ್ಟ ಹೊಳೆಗಳಲ್ಲಿ ರಿವ್ಯುಲಸ್‌ನ ಜೀವನಕ್ರಮವೇ ವಿಕಾಸಗೊಂಡಿತು ಎಂದು ಮ್ಯಾಥ್ಯೂ ವಾಲ್ಶ್ ಮತ್ತು ರೆಜ್ನಿಕ್ 2011ರಲ್ಲಿ ತೋರಿಸಿದರು.

ಮುಪ್ಪಿನ ವಿಚಾರದಲ್ಲಿ ಬಿದ್ದ ಪೆಟ್ಟು

ಈ ನಡುವೆ 2004ರಲ್ಲಿ ಇನ್ನೊಂದು ಭವಿಷ್ಯ ನೇರವಾಗಿ ಸುಳ್ಳಾಯಿತು. ಹೊರಗಿನ ಕಾರಣಗಳಿಂದ ಸಾವು ಹೆಚ್ಚಿರುವ ಕಡೆ ಜೀವಿಗಳು ಬೇಗ ಮುಪ್ಪಾಗುವಂತೆ ವಿಕಾಸ ಹೊಂದುತ್ತವೆ ಎಂದು ಜಾರ್ಜ್ ವಿಲಿಯಮ್ಸ್ 1957ರಲ್ಲಿ ವಾದಿಸಿದ್ದರು. ಹೇಗೂ ಬೇಗ ಸಾಯುವವನ ದೇಹವನ್ನು ಬಹುಕಾಲ ಕಾಪಾಡುವುದರಲ್ಲಿ ನಿಸರ್ಗದ ಆಯ್ಕೆಗೆ ಆಸಕ್ತಿ ಇರುವುದಿಲ್ಲ ಎಂಬುದು ತರ್ಕ. ಅದರಂತೆ ಕೆಳಗಿನ ಗಪ್ಪಿಗಳು ಬೇಗ ಮುದಿಯಾಗಬೇಕು. ಪ್ರಯೋಗಾಲಯದಲ್ಲಿ ಬೇಟೆಗಾರರಿಲ್ಲದೆ ಕೊನೆಯವರೆಗೂ ಸಾಕಿದಾಗ ಅವೇ ಹೆಚ್ಚು ಕಾಲ ಬದುಕಿದವು, ಹೆಚ್ಚು ಕಾಲ ಮರಿ ಹಾಕಿದವು. ಒಂದು ವಿಷಯದಲ್ಲಿ ಮಾತ್ರ ವಿಲಿಯಮ್ಸ್ ಹೇಳಿದಂತಾಯಿತು: ಶತ್ರುವಿನಿಂದ ಚಂಗನೆ ತಪ್ಪಿಸಿಕೊಳ್ಳುವ ಈಜಿನ ಬಲ ವಯಸ್ಸಾದಂತೆ ಕೆಳಗಿನ ಗಪ್ಪಿಗಳಲ್ಲಿ ಬೇಗ ಕುಸಿಯಿತು.

ಈ ಫಲಿತಾಂಶವನ್ನು ಕೆಲವರು ಸಿದ್ಧಾಂತದ ಸೋಲೆಂದು ಓದುತ್ತಾರೆ. ನನಗೆ ಅದು ಅತಿ ಅವಸರದ ಓದು ಎನಿಸುತ್ತದೆ. ವಿಲಿಯಮ್ಸ್‌ರ ವಾದದಲ್ಲೂ ಅದೇ ಅಡಗಿದ ಊಹೆ ಇದೆ, ಇಕ್ಕಟ್ಟಿಗೆ ಜಾಗವಿಲ್ಲ. ಮುಪ್ಪು ಎಂಬುದು ದೇಹದ ಒಂದೇ ಗಡಿಯಾರ ಎಂಬ ಊಹೆಯೂ ಇದೆ. ಸಂತಾನಶಕ್ತಿಯೂ ಈಜುಶಕ್ತಿಯೂ ಬೇರೆಬೇರೆ ವೇಗದಲ್ಲಿ ಕುಂದಬಹುದು ಎಂದು ಗಪ್ಪಿಗಳು ತೋರಿಸಿಕೊಟ್ಟವು.

ಎರಡು ವಿವರಣೆಗಳನ್ನು ಬೇರ್ಪಡಿಸುವುದು ಹೇಗೆ

ಈಗ ಎದುರಿಗೆ ಎರಡು ವಿವರಣೆಗಳು. ಮೊದಲನೆಯದು ನೇರ: ಶತ್ರು ಹೋದ ಕೂಡಲೇ ಸಾವು ಇಳಿಯಿತು, ಆ ಇಳಿದ ಸಾವೇ ಜೀವನಕ್ರಮವನ್ನು ಬದಲಿಸಿತು. ಎರಡನೆಯದು ಬಳಸುದಾರಿ: ಸಾವು ಇಳಿದದ್ದರಿಂದ ಗಪ್ಪಿಗಳು ಹೆಚ್ಚಿದವು, ಆಹಾರ ತೀರಿಸಿದವು, ಆ ಇಕ್ಕಟ್ಟು ಜೀವನಕ್ರಮವನ್ನು ಬದಲಿಸಿತು. ಎರಡೂ ತಲುಪುವ ಕೊನೆ ಒಂದೇ: ತಡವಾಗಿ ಬಲಿಯುವ, ದೊಡ್ಡ ಮರಿ ಹಾಕುವ ಗಪ್ಪಿ. 1976ರ ಪ್ರಯೋಗದಿಂದ ಇವನ್ನು ಬೇರೆ ಮಾಡಲು ಸಾಧ್ಯವಿಲ್ಲ, ಏಕೆಂದರೆ ಅಲ್ಲಿ ನಮ್ಮ ಕೈಗೆ ಸಿಗುವುದು ಆರಂಭ ಮತ್ತು 11 ವರ್ಷಗಳ ನಂತರದ ಸ್ಥಿತಿ. ನಡುವೆ ಗಪ್ಪಿಗಳು ಎಷ್ಟಾದವು, ಪಾಚಿ ಯಾವಾಗ ಕಡಿಮೆಯಾಯಿತು ಎಂಬ ಲೆಕ್ಕವಿಲ್ಲ.

ಎರಡೂ ವಿವರಣೆಗಳು ಭಿನ್ನವಾಗುವುದು ಕಾಲದಲ್ಲಿ. ಮೊದಲನೆಯದು ನಿಜವಾದರೆ ಆಯ್ಕೆಯ ಒತ್ತಡ ಮೊದಲ ದಿನದಿಂದಲೇ ಪೂರ್ತಿ ಇರುತ್ತದೆ. ವಿಕಾಸ ಆರಂಭದಲ್ಲೇ ಅತಿ ವೇಗವಾಗಿದ್ದು, ಮೀನುಗಳು ಹೊಸ ಜಾಗಕ್ಕೆ ಹೊಂದಿಕೊಂಡಂತೆ ನಿಧಾನವಾಗಬೇಕು. ಎರಡನೆಯದು ನಿಜವಾದರೆ ಮೊದಲು ಸ್ವಲ್ಪ ಕಾಲ ಏನೂ ಆಗಬಾರದು. ಗಪ್ಪಿಗಳು ಹೆಚ್ಚಿ, ಹೊಳೆಯನ್ನು ಬದಲಿಸುವವರೆಗೆ ಕಾಯಬೇಕು. ಎಷ್ಟು ಕಾಲ ಎಂಬುದು ಆಯಾ ಹೊಳೆ ಎಷ್ಟು ಬೇಗ ಬದಲಾಗುತ್ತದೆ ಎಂಬುದನ್ನು ಅವಲಂಬಿಸಬೇಕು. ಒಂದೇ ಫಲಿತಾಂಶ ಕೊಡುವ ಎರಡು ವಾದಗಳ ನಡುವೆ ಜಗಳವಾಡುತ್ತ ಕೂರುವುದಕ್ಕಿಂತ, ಅವು ಯಾವ ಘಟ್ಟದಲ್ಲಿ ಬೇರೆ ಮಾತು ಹೇಳುತ್ತವೆ ಎಂದು ಹುಡುಕಿ ಅಲ್ಲೇ ಅಳತೆಗೋಲು ಇಟ್ಟದ್ದು ಈ ತಂಡದ ದೊಡ್ಡತನ.

2008 ಮತ್ತು 2009ರಲ್ಲಿ ಗ್ವಾನಾಪೊ ಹೊಳೆಯ ಶತ್ರುಗಳಿರುವ ಭಾಗದಿಂದ ಗಪ್ಪಿಗಳನ್ನು ತಂದು, ಗಪ್ಪಿ ಇಲ್ಲದ ನಾಲ್ಕು ಉಪಹೊಳೆಗಳಿಗೆ ಬಿಟ್ಟರು. ಬಿಡುವ ಮೊದಲೇ ಪ್ರತಿ ಮೀನಿಗೂ ಗುರುತು ಹಾಕಿದ್ದರು. ಆಮೇಲೆ ತಿಂಗಳು ತಿಂಗಳೂ ಹಿಡಿದು, ಎಣಿಸಿ, ಹೊಸದಾಗಿ ಸಿಕ್ಕ ಮೀನುಗಳಿಗೂ ಗುರುತು ಹಾಕಿದರು. ಡಿಎನ್ಎ ಮೂಲಕ ಯಾರ ಮರಿ ಯಾರು ಎಂಬ ವಂಶಾವಳಿಯನ್ನೂ ಕಟ್ಟಿದರು. ನಾಲ್ಕರಲ್ಲಿ ಎರಡು ಹೊಳೆಗಳ ಮೇಲೆ ಚಾಚಿದ್ದ ಮರದ ಕೊಂಬೆಗಳನ್ನು ಕತ್ತರಿಸಿ ಬಿಸಿಲು ಬೀಳುವಂತೆ ಮಾಡಿದರು. ಹಿಂದೆ ಹೋಲಿಕೆಯನ್ನು ಕೆಡಿಸಿದ್ದ ಆ ನೆರಳನ್ನು ಈ ಬಾರಿ ಪ್ರಯೋಗದ ಭಾಗವನ್ನಾಗಿಯೇ ಮಾಡಿಕೊಂಡರು.

ಫಲಿತಾಂಶ ಪ್ರಕಟವಾದದ್ದು 2019ರಲ್ಲಿ. ಜೀವನಕ್ರಮ ಕೂಡಲೇ ಬದಲಾಗಲಿಲ್ಲ, ವಿಕಾಸ ತಡೆದು ಶುರುವಾಯಿತು. ಆ ತಡ ಗಪ್ಪಿಗಳ ದಟ್ಟಣೆ ಏರಿದ್ದಕ್ಕೂ ಹೊಳೆಯ ಸ್ಥಿತಿ ಬದಲಾದದ್ದಕ್ಕೂ ಹೊಂದಿಕೊಂಡಿತ್ತು. ಗಪ್ಪಿಗಳು ಬದಲಾದ ರೀತಿಯೂ ಇಕ್ಕಟ್ಟನ್ನು ಒಳಗೊಂಡ ಸಿದ್ಧಾಂತ ಹೇಳಿದಂತೆಯೇ ಇತ್ತು.